ಬಿಟ್ಟದ್ದೋ, ಬಿಡಿಸಿದ್ದೋ?

ಇಂಗ್ಲಿಷಿನ ‘ರಿಸೈನ್’ ಎಂಬ ಪದದ ನಡುವೆ ಒಂದು ಸಣ್ಣ ಅಡ್ಡಗೆರೆ ಹಾಕಿದರೆ ಅದು ‘ರೀ-ಸೈನ್’ ಆಗುತ್ತದೆ. ಗೆರೆ ಇಲ್ಲದ್ದು ಕೆಲಸಕ್ಕೆ ರಾಜೀನಾಮೆ, ಗೆರೆ ಇದ್ದದ್ದು ಅದೇ ಕೆಲಸದ ಕರಾರಿಗೆ ಇನ್ನೊಮ್ಮೆ ರುಜು. ಬೇರೆ ಕಡೆಯಾದರೆ ಇದು ಇಂಗ್ಲಿಷ್ ಮೇಷ್ಟರು ತರಗತಿಯಲ್ಲಿ ತಮಾಷೆಗೆ ಹೇಳುವ ಉದಾಹರಣೆ. ಕುವೈತಿನಲ್ಲಿ ಇದಕ್ಕೆ ದಿನಾರಿನ ಲೆಕ್ಕವಿದೆ. ಅಲ್ಲಿನ 2010ರ 6ನೇ ಸಂಖ್ಯೆಯ ಕಾರ್ಮಿಕ ಕಾನೂನಿನ 51ನೇ ಕಲಮಿನಂತೆ ತಿಂಗಳ ಸಂಬಳದ ನೌಕರನಿಗೆ ಸೇವೆ ಮುಗಿದಾಗ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 15 ದಿನದ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳ ಸಿಗಬೇಕು. ಒಟ್ಟು ಒಂದೂವರೆ ವರ್ಷದ ಸಂಬಳ ಮೀರುವಂತಿಲ್ಲ. ಆದರೆ 53ನೇ ಕಲಮು ಅದಕ್ಕೊಂದು ಕೊಕ್ಕೆ ಹಾಕುತ್ತದೆ. ಅವಧಿ ಗೊತ್ತುಮಾಡದ ಕರಾರಿನಲ್ಲಿ ನೌಕರ ತಾನಾಗಿ ಬಿಟ್ಟರೆ ಮೂರರಿಂದ ಐದು ವರ್ಷದ ಸೇವೆಗೆ ಇದರ ಅರ್ಧ, ಐದರಿಂದ ಹತ್ತು ವರ್ಷಕ್ಕೆ ಮೂರರಲ್ಲಿ ಎರಡು ಪಾಲು, ಹತ್ತು ದಾಟಿದರೆ ಪೂರ್ತಿ. ಮೂರು ವರ್ಷ ತುಂಬದವನಿಗೆ ಏನೂ ಇಲ್ಲ. ನಾಲ್ಕು ವರ್ಷ ದುಡಿದವನನ್ನು ಕಂಪನಿ ಬಿಡಿಸಿದರೆ 60 ದಿನದ ಸಂಬಳ, ಅವನೇ ಬಿಟ್ಟರೆ 30 ದಿನದ್ದು. ಮನುಷ್ಯ ಅವನೇ, ದುಡಿಮೆಯೂ ಅಷ್ಟೇ. ಕಡತದಲ್ಲಿ ಯಾವ ಕ್ರಿಯಾಪದ ಕೂತಿದೆ ಎಂಬುದಷ್ಟೇ ಬೇರೆ.

ಗೊಂದಲ ಹುಟ್ಟಿಸುವ ಇಂಗ್ಲಿಷ್ ಪದಗಳ ಪಟ್ಟಿಗಳಿಗೇನೂ ಬರವಿಲ್ಲ. ಮಾರುಕಟ್ಟೆಯ ಪ್ರತಿ ವ್ಯಾಕರಣ ಪುಸ್ತಕದ ಕೊನೆಯಲ್ಲೂ ಒಂದಿರುತ್ತದೆ. ‘ಸ್ಟೇಷನರಿ’ಯಲ್ಲಿ ಈ ಬಂದರೆ ಕಾಗದದ ಅಂಗಡಿ, ಎ ಬಂದರೆ ನಿಂತಲ್ಲೇ ನಿಂತದ್ದು; ‘ಪ್ರಿನ್ಸಿಪಲ್’ ಶಾಲೆಯಲ್ಲಿದ್ದರೆ ಒಂದು ಕಾಗುಣಿತ, ತತ್ವವಾದರೆ ಇನ್ನೊಂದು. ಇವು ಹೆಚ್ಚಿನಂಶ ಇಂಗ್ಲಿಷ್ ಮನೆಮಾತಾಗಿರುವ ಮಕ್ಕಳಿಗಾಗಿ ಹುಟ್ಟಿದ ಪಟ್ಟಿಗಳು. ಆ ಮಕ್ಕಳಿಗೆ ಅರ್ಥ ಗೊತ್ತು, ಬರೆಯುವಾಗ ಅಕ್ಷರ ತಪ್ಪುತ್ತದೆ. ಕನ್ನಡದಿಂದ ಇಂಗ್ಲಿಷಿಗೆ ಹೋದವರ ಕಷ್ಟ ಹಲವು ಸಲ ಇದಕ್ಕೆ ತಿರುವುಮುರುವು: ಕಾಗುಣಿತ ಬಾಯಿಪಾಠ ಮಾಡಿಕೊಂಡಿರುತ್ತಾರೆ, ಅರ್ಥದ ಗಡಿ ಎಲ್ಲಿ ಎಂಬುದು ಮಸುಕಾಗಿರುತ್ತದೆ. ಕುವೈತಿನ ಸಾಲ್ಮಿಯಾದಲ್ಲೋ ಫರ್ವಾನಿಯಾದಲ್ಲೋ ಅಂಗಡಿಯ ಬೋರ್ಡಿನಲ್ಲಿ ಸ್ಟೇಷನರಿ ತಪ್ಪಾಗಿದ್ದರೆ ಪೆನ್ನು ಕೊಳ್ಳಲು ಬಂದವನಿಗೆ ಏನೂ ತೊಂದರೆಯಿಲ್ಲ. ಉಚ್ಚಾರದ ಪಟ್ಟಿಗಳೂ ಹಾಗೆಯೇ. ‘ಶಿಪ್’ ಮತ್ತು ‘ಶೀಪ್’, ‘ಲಿವ್’ ಮತ್ತು ‘ಲೀವ್’ ಬೇರೆಬೇರೆ ಎಂದು ಗಂಟೆಗಟ್ಟಲೆ ಕಲಿಸುವ ಪಾಠಗಳು ಕನ್ನಡಿಗನಿಗೆ ಯಾಕೆ ಬೇಕು? ಹ್ರಸ್ವ ದೀರ್ಘ ಒಂದನೇ ತರಗತಿಯಲ್ಲೇ ಅವನ ನಾಲಗೆಗೆ ಹತ್ತಿರುತ್ತದೆ. ಅರಬ್ಬಿಯಲ್ಲಿ ಪಕಾರವಿಲ್ಲ, ಹಾಗಾಗಿ ಅರಬ್ ಸಹೋದ್ಯೋಗಿಯ ಬಾಯಲ್ಲಿ ಪಾರ್ಕಿಂಗ್ ‘ಬಾರ್ಕಿಂಗ್’ ಆದೀತು. ಅದು ಅವರ ಪಟ್ಟಿಯಲ್ಲಿ ಇರಬೇಕಾದ ಜೋಡಿ. ಒಬ್ಬರ ಗೊಂದಲದ ಪಟ್ಟಿ ಇನ್ನೊಬ್ಬರಿಗೆ ಹೊಂದುವುದಿಲ್ಲ. ಕುವೈತಿನಲ್ಲಿ ದುಡಿಯುವ ಕನ್ನಡಿಗನ ಪಟ್ಟಿಯನ್ನು ಬೇರೆಯಾಗಿಯೇ ಬರೆಯಬೇಕು. ಅದನ್ನು ಬರೆಯುವ ಕೀಲಿ ಇಂಗ್ಲಿಷಿನೊಳಗಿಲ್ಲ, ಕನ್ನಡದ ಕ್ರಿಯಾಪದದೊಳಗಿದೆ ಎಂಬುದು ನನ್ನ ವಾದ.

ಕನ್ನಡ ತನ್ನ ಕ್ರಿಯಾಪದಗಳಿಗೆ ಎರಡು ಬಾಲ ಅಂಟಿಸುತ್ತದೆ. ಒಂದು ‘ಇಸು’, ಇನ್ನೊಂದು ‘ಕೊಳ್ಳು’. ಏರು ಎಂದರೆ ತಾನೇ ಮೇಲೆ ಹೋಗುವುದು, ಏರಿಸು ಎಂದರೆ ಬೇರೆಯವರು ಮೇಲೆ ಕಳಿಸುವುದು. ಕಲಿ, ಕಲಿಸು. ಮಲಗು, ಮಲಗಿಸು. ಬಿಡು, ಬಿಡಿಸು. ‘ಕೆಲಸ ಬಿಟ್ಟ’ ಎಂಬುದಕ್ಕೂ ‘ಕೆಲಸ ಬಿಡಿಸಿದರು’ ಎಂಬುದಕ್ಕೂ ಇರುವ ಅಂತರ ಶಾಲೆಯ ಮೆಟ್ಟಿಲು ಹತ್ತದವರಿಗೂ ಗೊತ್ತು. ಕೊಳ್ಳು ಎಂಬುದು ಕ್ರಿಯೆಯ ಫಲವನ್ನು ಮಾಡಿದವನ ಕಡೆಗೇ ತಿರುಗಿಸುತ್ತದೆ. ಸಾಲ ಕೊಡುವುದು ಒಂದು, ತೆಗೆದುಕೊಳ್ಳುವುದು ಇನ್ನೊಂದು, ಇಂಗ್ಲಿಷಿನ ‘ಲೆಂಡ್’ ಮತ್ತು ‘ಬಾರೋ’ ಜೋಡಿಗೆ ಇದಕ್ಕಿಂತ ಸಲೀಸಾದ ವಿವರಣೆ ಇಲ್ಲ. ಇಂಗ್ಲಿಷಿನ ಪೂರ್ವಜರಲ್ಲೂ ಇಸು ಎಂಬಂಥ ಒಂದು ಬಾಲವಿತ್ತು. ಅದು ಉದುರಿಹೋಗಿ ಅದರ ಗುರುತು ಮಾತ್ರ ಪದದ ಹೊಟ್ಟೆಯೊಳಗಿನ ಸ್ವರದಲ್ಲಿ ಉಳಿದಿದೆ: ‘ರೈಸ್’ ಏರು, ‘ರೇಸ್’ ಏರಿಸು, ‘ಲೈ’ ಮಲಗು, ‘ಲೇ’ ಮಲಗಿಸು, ‘ಫಾಲ್’ ಬೀಳು, ‘ಫೆಲ್’ ಮರವನ್ನು ಬೀಳಿಸು. ಸಾಲದ್ದಕ್ಕೆ ಲೈ ಎಂಬುದರ ಭೂತಕಾಲವೂ ಲೇ, ಫಾಲ್ ಎಂಬುದರದ್ದು ಫೆಲ್. ಇಂಗ್ಲಿಷರೇ ಇದರಲ್ಲಿ ಎಡವುವುದು ಯಾಕೆ ಎಂದು ಬೇರೆ ಹೇಳಬೇಕಿಲ್ಲ. ಅವರಿಗೆ ಸತ್ತುಹೋದ ಯಂತ್ರ ನಮ್ಮಲ್ಲಿ ಇನ್ನೂ ಓಡುತ್ತಿದೆ. ಅರಬ್ಬಿಯಲ್ಲೂ ಓಡುತ್ತಿದೆ: ‘ದರಸ’ ಎಂದರೆ ಓದಿದ, ನಡುವಿನ ಅಕ್ಷರ ಒತ್ತಿ ‘ದರ್ರಸ’ ಎಂದರೆ ಓದಿಸಿದ. ಕನ್ನಡ ಬಲ್ಲವನಿಗೆ ಕುವೈತಿನ ಅರಬ್ಬಿ ಕಾಗದದ ತರ್ಕ ಇಂಗ್ಲಿಷ್ ಅನುವಾದದ ತರ್ಕಕ್ಕಿಂತ ಹತ್ತಿರದ್ದು ಎಂದರೆ ಉತ್ಪ್ರೇಕ್ಷೆಯೇನಲ್ಲ.

‘ಡಿಪಾರ್ಟ್’ ಮತ್ತು ‘ಡಿಪೋರ್ಟ್’ ಎಂಬ ಜೋಡಿಯನ್ನೇ ನೋಡಿ. ಕನ್ನಡದಲ್ಲಿ ಬರೆದರೆ ಒಂದೇ ಒಂದು ಸ್ವರದ ವ್ಯತ್ಯಾಸ. ಮೊದಲನೆಯದು ತಾನು ಹೊರಡುವುದು, ಎರಡನೆಯದು ಸರ್ಕಾರ ಹೊರಡಿಸುವುದು, ನಮ್ಮ ಪೊಲೀಸ್ ಕನ್ನಡದ ಗಡೀಪಾರು. ಕುವೈತಿನ ಅರಬ್ಬಿಯಲ್ಲಿ ಗಡೀಪಾರಿಗೆ ‘ತಸ್ಫೀರ್’ ಎನ್ನುತ್ತಾರೆ. ನಮ್ಮ ಮುಸಾಫಿರಖಾನೆಯಲ್ಲಿರುವ ಸಫರ್ ಎಂಬ ಪ್ರಯಾಣದ ಧಾತುವೇ ಇದು. ಅದಕ್ಕೆ ಇಸು ಸೇರಿಸಿದಂತೆ, ಪ್ರಯಾಣ ಮಾಡಿಸುವುದು. 2024ರ ಮಾರ್ಚ್ 17ರಿಂದ ಜೂನ್ 30ರವರೆಗೆ ಇಖಾಮಾ, ಅಂದರೆ ವಾಸದ ಪರವಾನಗಿ, ಮುಗಿದವರಿಗೆ ಕುವೈತ್ ಕ್ಷಮಾದಾನ ಕೊಟ್ಟಾಗ ಈ ವ್ಯತ್ಯಾಸವೇ ಮುಖ್ಯವಾಗಿತ್ತು: ಆ ಅವಧಿಯಲ್ಲಿ ತಾನಾಗಿ ಹೊರಟವನು ದಂಡ ಕಟ್ಟದೆ ಹೋಗಿ ಹೊಸ ವೀಸಾದಲ್ಲಿ ಮರಳಬಹುದಿತ್ತು, ಹೊರಡಿಸಲ್ಪಟ್ಟವನಿಗೆ ಬಾಗಿಲು ಮುಚ್ಚುತ್ತಿತ್ತು. ಆದರೆ ಇಂಗ್ಲಿಷ್ ಪದ ಎಲ್ಲವನ್ನೂ ಹೇಳಿಬಿಡುತ್ತದೆ ಎಂದುಕೊಳ್ಳಬಾರದು. 1990ರ ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿದ ಮೇಲೆ ಲಕ್ಷಕ್ಕೂ ಮಿಕ್ಕಿ ಭಾರತೀಯರು ಜೋರ್ಡಾನಿನ ಅಮ್ಮಾನ್‌ವರೆಗೆ ಹೇಗೋ ತಲುಪಿ ಏರ್ ಇಂಡಿಯಾ ವಿಮಾನ ಹತ್ತಿದರು. ಬಿಟ್ಟುಬಂದವರಿಗೆ ವಿಶ್ವಸಂಸ್ಥೆಯ ಪರಿಹಾರ ಆಯೋಗ ಮುಂದೆ ಹಣ ಕೊಟ್ಟಿತು. ಆ ವರ್ಷದ ಆಗಸ್ಟ್ 2ರಿಂದ 1991ರ ಮಾರ್ಚ್ 2ರೊಳಗೆ ಕುವೈತ್ ಅಥವಾ ಇರಾಕ್ ತೊರೆದವರದು ‘ಎ’ ವರ್ಗ. ಒಬ್ಬರಿಗೆ 2,500 ಡಾಲರ್, ಕುಟುಂಬಕ್ಕೆ 5,000. ಬೇರೆ ವರ್ಗಗಳಲ್ಲಿ ಅರ್ಜಿ ಹಾಕುವುದಿಲ್ಲ ಎಂದವರಿಗೆ 4,000 ಮತ್ತು 8,000. ಆ ಅರ್ಜಿಗಳಿಗೆ ಇಂಗ್ಲಿಷಿನಲ್ಲಿದ್ದ ಹೆಸರು ‘ಡಿಪಾರ್ಚರ್’. ವಿಮಾನ ನಿಲ್ದಾಣದ ಬೋರ್ಡಿನ ಮೇಲಿರುವ, ಮದುವೆಗೆ ಊರಿಗೆ ಹೋಗುವವನೂ ನೋಡುವ ಅದೇ ಪದ. ಕನ್ನಡ ಇಲ್ಲಿ ‘ಹೊರಟರು’ ಎನ್ನಲು ಒಪ್ಪುವುದಿಲ್ಲ, ‘ಹೊರಡಬೇಕಾಯಿತು’ ಎನ್ನುತ್ತದೆ.

ಇನ್ನೂ ಅಪಾಯದ ಜೋಡಿ ‘ಆಬ್ಸೆಂಟ್’ ಮತ್ತು ‘ಆಬ್ಸ್‌ಕಾಂಡ್’. ಕೆಲಸದ ಜಾಗದಲ್ಲಿ ಇಲ್ಲದಿರುವುದು ಮೊದಲನೆಯದು. ಅದರ ಲ್ಯಾಟಿನ್ ಮೂಲದಲ್ಲೂ ದೂರ ಇರು ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಎರಡನೆಯದರ ಲ್ಯಾಟಿನ್ ಮೂಲದಲ್ಲಿ ಅಡಗುವ ಅರ್ಥವಿದೆ. ಕನ್ನಡದಲ್ಲಿ ಇವು ಎಂದೂ ಕಲೆಸಿಹೋಗುವುದಿಲ್ಲ: ಒಂದು ಗೈರುಹಾಜರಿ, ಇನ್ನೊಂದು ತಲೆಮರೆಸಿಕೊಳ್ಳುವುದು. ಆ ‘ಕೊಳ್ಳು’ವನ್ನು ಗಮನಿಸಬೇಕು. ಬೇಕೆಂದೇ, ತನಗಾಗಿ, ತಪ್ಪು ಮಾಡಿದವನಂತೆ ಅಡಗಿದ ಎಂಬ ಆರೋಪ ಅದರಲ್ಲಿದೆ. ಕುವೈತಿನಲ್ಲಿ ಮಾಲೀಕ ನೌಕರನ ಮೇಲೆ ಹಾಕುವ ದೂರಿನ ಅರಬ್ಬಿ ಹೆಸರು ‘ಬಲಾಗ್ ತಗಯ್ಯುಬ್’. ತಗಯ್ಯುಬ್ ಎಂದರೆ ಇಲ್ಲವಾಗುವುದು, ನಮ್ಮ ಗಾಯಬ್ ಹುಟ್ಟಿದ ಧಾತು. ಸೌದಿಯಲ್ಲಿ ಜನ ಬಳಸುವ ‘ಹುರೂಬ್’ ಎಂಬ ಮಾತಿನಲ್ಲಿ ಓಡಿಹೋಗುವ ಅರ್ಥವಿದೆ, ಕುವೈತಿನ ಪದದಲ್ಲಿ ಅದೂ ಇಲ್ಲ. ಹಾಗಿದ್ದೂ ಅಲ್ಲಿನ ಇಂಗ್ಲಿಷ್ ಪತ್ರಿಕೆಗಳು ಅದನ್ನು ‘ಆಬ್ಸ್‌ಕಾಂಡಿಂಗ್’ ಎಂದೇ ಬರೆಯುತ್ತವೆ, ಅದನ್ನು ಓದಿ ನಮ್ಮವರೂ ಹಾಗೇ ಹೇಳುತ್ತಾರೆ. ಅರಬ್ಬಿಯಲ್ಲಿ ‘ಬರಲಿಲ್ಲ’ ಎಂದಿದ್ದದ್ದು ಇಂಗ್ಲಿಷಿಗೆ ಬರುವಷ್ಟರಲ್ಲಿ ‘ಓಡಿಹೋಗಿ ಅಡಗಿದ’ ಎಂದಾಗಿರುತ್ತದೆ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದವನೂ ಗೈರುಹಾಜರೇ. ಅವನು ತಲೆಮರೆಸಿಕೊಂಡವನಲ್ಲ ಎಂದು ತೋರಿಸಲು ಡಾಕ್ಟರ ಚೀಟಿ ಸಾಕಾಗಬಹುದು, ಆದರೆ ತನ್ನ ಮೇಲೆ ಹೊರಿಸಿರುವುದು ಯಾವ ಪದ ಎಂದು ಅವನಿಗೆ ಗೊತ್ತಿರಬೇಕು. ಕಾರ್ಮಿಕ ಕಾನೂನಿನ 42ನೇ ಕಲಮು ಇನ್ನೂ ವಿಚಿತ್ರ: ಒಪ್ಪತಕ್ಕ ಕಾರಣವಿಲ್ಲದೆ ಸತತ ಏಳು ದಿನ, ಇಲ್ಲವೇ ವರ್ಷದಲ್ಲಿ ಬಿಡಿಬಿಡಿಯಾಗಿ 20 ದಿನ ಬಾರದವನನ್ನು ಮಾಲೀಕ ರಾಜೀನಾಮೆ ಕೊಟ್ಟವನೆಂದು ಎಣಿಸಬಹುದು. ಕೈಯಲ್ಲಿ ಪೆನ್ನು ಹಿಡಿಯದೆಯೇ ‘ರಿಸೈನ್’ ಆದಂತೆ! ಅಲ್ಲಿಂದ ಅವನ ಲೆಕ್ಕ 53ನೇ ಕಲಮಿಗೆ ಜಾರುತ್ತದೆ.

ರಾಜೀನಾಮೆ ಎಂಬ ನಮ್ಮ ಪದವೂ ಒಂದು ಕಥೆ ಹೇಳುತ್ತದೆ. ಅದರೊಳಗಿರುವುದು ‘ರಾಜಿ’, ಅರಬ್ಬಿಯ ಒಪ್ಪಿಗೆ. ನಾಮೆ ಪಾರಸಿಯ ಪತ್ರ. ಬಿಜಾಪುರದ ಆದಿಲಶಾಹಿ, ಮರಾಠರು, ಹೈದರ್-ಟಿಪ್ಪು ಇವರ ಕಚೇರಿಗಳ ಮೂಲಕ ಕನ್ನಡಕ್ಕೆ ಬಂದ ಇಂಥ ಮಾತುಗಳ ಸಾಲೇ ಇದೆ: ಅರ್ಜಿ, ಹಾಜರು, ವಸೂಲಿ, ವಕೀಲ, ಜಾಮೀನು. ಒಪ್ಪಿಗೆ ಇಲ್ಲದೆ ಬರೆಸಿಕೊಂಡದ್ದು ರಾಜೀನಾಮೆ ಹೇಗಾದೀತು ಎಂದು ಪದವೇ ಕೇಳುತ್ತದೆ. ಅದೇ ಒಪ್ಪಿಗೆಯ ಧಾತುವಿನಿಂದಲೇ ನಮ್ಮ ‘ರಜೆ’ಯೂ ಬಂತು. ಇಂಗ್ಲಿಷಿನ ‘ಲೀವ್’ ಎಂಬ ನಾಮಪದವನ್ನು ಬಿಡಿಸಿ ನೋಡಿದರೆ ಅದರ ಹಳೆಯ ಅರ್ಥವೂ ಅಪ್ಪಣೆ; ಬಿಟ್ಟು ಹೋಗು ಎಂಬ ಲೀವ್ ಕ್ರಿಯಾಪದಕ್ಕೂ ಅದಕ್ಕೂ ಹುಟ್ಟಿನ ನಂಟಿಲ್ಲ, ಉಚ್ಚಾರ ಒಂದಾಗಿದೆ ಅಷ್ಟೆ. ಕುವೈತಿನ ಕಚೇರಿಗಳಲ್ಲಿ ರಜೆಗೆ ಹೇಳುವ ‘ಇಜಾಝಾ’ ಎಂಬ ಪದಕ್ಕೂ ಮೂಲದಲ್ಲಿ ಅನುಮತಿ ಎಂದೇ ಅರ್ಥ. ಮೂರು ಭಾಷೆಗಳು ಒಂದಕ್ಕೊಂದು ಕೇಳದೆ ಒಂದೇ ಮಾತು ಹೇಳಿದಂತಾಯಿತು: ರಜೆ ಎಂದರೆ ಬಿಡುವು ಅಲ್ಲ, ಇನ್ನೊಬ್ಬರು ಕೊಟ್ಟ ಅಪ್ಪಣೆ. 2025ರ ಜುಲೈ 1ರಿಂದ ಖಾಸಗಿ ವಲಯದ, ಜನ ‘ಹದಿನೆಂಟನೇ ವೀಸಾ’ ಎನ್ನುವ ಇಖಾಮಾದವರು ದೇಶದಿಂದ ಹೊರಡುವ ಮೊದಲು ಮಾಲೀಕನ ಒಪ್ಪಿಗೆಯಿರುವ ‘ಎಕ್ಸಿಟ್ ಪರ್ಮಿಟ್’ ಪಡೆಯಬೇಕು. ಲೀವ್ ಮಂಜೂರಾಗಿದೆ, ಇನ್ನೇಕೆ ಪರ್ಮಿಟ್ ಎಂದು ಕೇಳುವವನು ಎರಡು ಲೀವ್‌ಗಳನ್ನು ಒಂದು ಮಾಡಿಕೊಂಡಿದ್ದಾನೆ. ಕೆಲಸದಿಂದ ದೂರವಿರಲು ಸಿಕ್ಕಿದ ಅಪ್ಪಣೆ ಒಂದು, ಗಡಿ ದಾಟಲು ಬೇಕಾದದ್ದು ಇನ್ನೊಂದು.

‘ಸ್ಪಾನ್ಸರ್’ ಕೂಡ ಹೀಗೇ ಎರಡು ಮುಖದ ಪದ. ಕನ್ನಡ ರಾಜ್ಯೋತ್ಸವದ ಬ್ಯಾನರಿನ ಮೇಲೆ ಹೆಸರಿರುವ ಸ್ಪಾನ್ಸರ್ ದುಡ್ಡು ಕೊಟ್ಟು ಮರೆಯಾಗುತ್ತಾನೆ. ಕುವೈತಿನ ಗುರುತುಚೀಟಿಯಾದ ಸಿವಿಲ್ ಐಡಿಯ ಹಿಂದಿರುವ ಸ್ಪಾನ್ಸರ್ ಕಫೀಲ, ಅಂದರೆ ಜಾಮೀನುದಾರ. ಒಬ್ಬನನ್ನು ಪ್ರಾಯೋಜಕ ಎಂದೂ ಇನ್ನೊಬ್ಬನನ್ನು ಜಾಮೀನುದಾರ ಎಂದೂ ಕರೆದರೆ ಸಾಕು, ನಿಘಂಟು ತೆರೆಯಬೇಕಿಲ್ಲ. ಇದಕ್ಕೆ ವಿರುದ್ಧವಾಗಿ ಎರಡು ಪದ, ಹತ್ತಿರಹತ್ತಿರ ಒಂದೇ ವಸ್ತು ಆಗಿರುವುದೂ ಉಂಟು. ಊರಿನಲ್ಲಿ 1972ರ ಕಾಯ್ದೆಯಿಂದ ‘ಗ್ರಾಚ್ಯುಟಿ’ ಎಂದು ಪರಿಚಯವಾದದ್ದನ್ನು ಕುವೈತಿನ ಇಂಗ್ಲಿಷ್ ‘ಇಂಡೆಮ್ನಿಟಿ’ ಎನ್ನುತ್ತದೆ.

ದಿಕ್ಕಿನ ಜೋಡಿಗಳು ಸ್ವಲ್ಪ ಬೇರೆ ಜಾತಿಯವು. ‘ಎಮಿಗ್ರೇಶನ್’ ಮತ್ತು ‘ಇಮಿಗ್ರೇಶನ್’ ಎರಡಕ್ಕೂ ಕನ್ನಡದಲ್ಲಿ ವಲಸೆ ಎಂಬ ಒಂದೇ ಪದ ಎಂದು ದೂರುವವರಿದ್ದಾರೆ. ಕನ್ನಡ ಆ ಭಾರವನ್ನು ಕ್ರಿಯಾಪದದ ಮೇಲೆ ಹೊರಿಸಿದೆ: ವಲಸೆ ಹೋಗು, ವಲಸೆ ಬರು. ಹೇಳುವವನು ಎಲ್ಲಿ ನಿಂತಿದ್ದಾನೆ ಎಂಬುದಷ್ಟೇ ಪ್ರಶ್ನೆ. 1983ರ ಕಾಯ್ದೆ ಭಾರತದ ನೆಲದಲ್ಲಿ ನಿಂತು ನೋಡುವುದರಿಂದ ಅದು ಎಮಿಗ್ರೇಶನ್ ಕಾಯ್ದೆ. ಹತ್ತನೇ ತರಗತಿ ಪಾಸಾಗದವನ ಪಾಸ್‌ಪೋರ್ಟಿನಲ್ಲಿ ಬರುವ ಇಸಿಆರ್ (ಎಮಿಗ್ರೇಶನ್ ಚೆಕ್ ರಿಕ್ವೈರ್ಡ್) ಎಂಬುದರ ಮೊದಲ ಅಕ್ಷರ ಅದೇ, ತಪಾಸಣೆ ಬೇಕಾದ ದೇಶಗಳಲ್ಲಿ ಕುವೈತೂ ಒಂದು. ಅಲ್ಲಿಳಿದ ಮೇಲೆ ಅವನನ್ನು ಅರಬ್ಬಿಯಲ್ಲಿ ‘ವಾಫಿದ್’ ಎನ್ನುತ್ತಾರೆ, ಬಂದವನು ಎಂದರ್ಥ. ಇಂಗ್ಲಿಷಿನಲ್ಲಿ ‘ಎಕ್ಸ್‌ಪ್ಯಾಟ್ರಿಯೇಟ್’, ತಾಯ್ನಾಡಿನಿಂದ ಹೊರಗಿರುವವನು. ಇದನ್ನೇ ‘ಎಕ್ಸ್-ಪೇಟ್ರಿಯಟ್’ ಎಂದು ಬರೆದರೆ ಹಿಂದೊಮ್ಮೆ ದೇಶಭಕ್ತನಾಗಿದ್ದವನು ಎಂದಾಗುತ್ತದೆ, ಯಾರೂ ಸಂತೋಷಪಡಲಾರರು. ಇಖಾಮಾದ ಲೆಕ್ಕದಲ್ಲಿ ‘ರೆಸಿಡೆಂಟ್’ ಆದ ಅದೇ ಮನುಷ್ಯ ಮಂಗಳೂರಿನ ಬ್ಯಾಂಕಿನಲ್ಲಿ ‘ನಾನ್-ರೆಸಿಡೆಂಟ್’. ಎರಡೂ ನಿಜ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಕಾನೂನಿನದ್ದೇ. ಕುವೈತಿನ ಅದೇ ಕಾರ್ಮಿಕ ಕಾನೂನಿನ 29ನೇ ಕಲಮಿನಂತೆ ಕರಾರು ಅರಬ್ಬಿಯಲ್ಲಿರಬೇಕು. ಬೇರೆ ಭಾಷೆಯ ಅನುವಾದ ಜೊತೆಗಿಡಬಹುದು, ತಕರಾರು ಬಂದಾಗ ಅರಬ್ಬಿ ಪಾಠವೇ ಗಟ್ಟಿ. ಹಾಗಿರುವಾಗ ಇಂಗ್ಲಿಷ್ ಪದಗಳ ಕೂದಲು ಸೀಳಿ ಏನು ಪ್ರಯೋಜನ? ಮಾತು ಸರಿ, ಆದರೆ ಅರ್ಧ ಮಾತ್ರ. ತಕರಾರು ಅರಬ್ಬಿಗೆ ಮುಟ್ಟುವ ಮೊದಲು ಎಷ್ಟೋ ದಿನ ಇಂಗ್ಲಿಷಿನಲ್ಲಿ ಬೆಳೆದಿರುತ್ತದೆ. ಎಚ್‌ಆರ್ ವಿಭಾಗದ ಇಮೇಲ್, ವಾಟ್ಸ್‌ಆ್ಯಪ್ ಸಂದೇಶ, ಕಂಪನಿಯ ಪರವಾಗಿ ಸರ್ಕಾರಿ ಕಚೇರಿಗೆ ಓಡಾಡುವ ಮಂದೂಬ್ ಹೇಳುವ ಎರಡು ಸಾಲು ಇವೆಲ್ಲ ಅನೇಕ ಕಂಪನಿಗಳಲ್ಲಿ ಇಂಗ್ಲಿಷೇ. ‘ನಾನು ರಿಸೈನ್ ಮಾಡುತ್ತೇನೆ’ ಎಂದು ಸಿಟ್ಟಿನಲ್ಲಿ ಕಳಿಸಿದ ಒಂದು ಸಾಲನ್ನು ಆಮೇಲೆ ಯಾರಾದರೂ ಅರಬ್ಬಿಗೆ ತಿರುಗಿಸುತ್ತಾರೆ, ಅಲ್ಲಿ ಅದು ‘ಇಸ್ತಿಖಾಲಾ’ ಆಗುತ್ತದೆ. ಆ ಪದದ ರೂಪದಲ್ಲೇ ಬೇಡಿಕೆಯಿದೆ, ನನ್ನನ್ನು ಬಿಡುಗಡೆ ಮಾಡಿ ಎಂದು ಕೇಳಿಕೊಳ್ಳುವುದು. ಕಂಪನಿಯೇ ತೆಗೆದುಹಾಕಿದರೆ ಅರಬ್ಬಿ ‘ಫಸ್ಲ್’ ಎನ್ನುತ್ತದೆ, ಕಡಿದು ಬೇರ್ಪಡಿಸುವುದು. ಅಲ್ಲೂ ಅದೇ ಬಿಟ್ಟದ್ದು, ಬಿಡಿಸಿದ್ದು.

ಎರಡನೆಯ ಆಕ್ಷೇಪ ಇಂಗ್ಲಿಷ್ ಕಲಿಸುವವರದು, ಮತ್ತು ಅದು ಹೆಚ್ಚು ತೂಕದ್ದು. ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಯಬೇಕು, ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸುವ ಚಟ ಬಿದ್ದರೆ ತಪ್ಪು ಹೆಚ್ಚುತ್ತದೆ ಎನ್ನುತ್ತಾರೆ. ಹೊರಡುವಾಗ ‘ಬರ್ತೀನಿ’ ಎನ್ನುವುದು ನಮ್ಮ ಮರ್ಯಾದೆ. ಅದನ್ನೇ ಇಂಗ್ಲಿಷ್ ಮಾಡಿದರೆ ಎದುರಿನವನು ನಾಳೆ ಬೆಳಗ್ಗೆಯೂ ಕಾಯುತ್ತಾ ಕೂರಬೇಕು. ನೆರಳು ಎಂಬ ಒಂದೇ ಪದದಲ್ಲಿ ನಾವು ‘ಶೇಡ್’ ಮತ್ತು ‘ಶ್ಯಾಡೋ’ ಎರಡನ್ನೂ ತುರುಕಿದ್ದೇವೆ. ಜೂನ್ 1ರಿಂದ ಆಗಸ್ಟ್ ಕೊನೆಯವರೆಗೆ ಬೆಳಗ್ಗೆ 11ರಿಂದ ಸಂಜೆ 4ರ ತನಕ ಬಯಲಿನಲ್ಲಿ ದುಡಿಸಬಾರದೆಂಬ ನಿಯಮವಿರುವ ನಾಡಿನಲ್ಲಿ ಕೂಲಿಗೆ ಬೇಕಾದದ್ದು ಶೇಡ್, ಅವನ ಕಾಲ ಬುಡದಲ್ಲಿ ಬೀಳುವುದು ಶ್ಯಾಡೋ. ಅರಬ್ಬಿಯ ‘ಝಿಲ್’ ಕೂಡ ಎರಡಕ್ಕೂ ಒಂದೇ, ಹಾಗಾಗಿ ಅಲ್ಲೂ ನೆರವು ಸಿಗದು. ಕೈ ಎಂದರೆ ‘ಹ್ಯಾಂಡ್’ ಕೂಡ, ‘ಆರ್ಮ್’ ಕೂಡ. ಕಾಲು ಎಂದರೆ ‘ಫುಟ್’, ‘ಲೆಗ್’ ಎರಡೂ. ಗಾಯಗೊಂಡವನ ವರದಿಯಲ್ಲಿ ಮಣಿಕಟ್ಟಿನ ಕೆಳಗೋ ಮೇಲೋ ಎಂಬುದು ಪರಿಹಾರದ ಪ್ರಶ್ನೆಯಾದೀತು. ಇಂಥಲ್ಲಿ ಕನ್ನಡ ಕೈಕೊಡುತ್ತದೆ, ಒಪ್ಪಿಕೊಳ್ಳಬೇಕು; ಪದದ ಗಡಿಯನ್ನು ಮೈಮೇಲೆ ಬೆರಳಿಟ್ಟು ಕಲಿಯದೆ ಬೇರೆ ದಾರಿಯಿಲ್ಲ. ಆದರೆ ಇವೆಲ್ಲ ವಸ್ತುಗಳ ಹೆಸರು. ಕ್ರಿಯೆಯ ಮಾತು ಬಂದಲ್ಲಿ, ಯಾರು ಮಾಡಿದರು ಯಾರಿಗಾಯಿತು ಎಂಬಲ್ಲಿ, ಕನ್ನಡ ಇಂಗ್ಲಿಷಿಗಿಂತ ಒಂದು ಕೈ ಮೇಲೇ ಇದೆ. ‘ಟರ್ಮಿನೇಟೆಡ್’ ಎಂದು ಬರೆದು ಯಾರು ಮುಗಿಸಿದರು ಎನ್ನುವುದನ್ನು ನುಂಗಿಬಿಡುವ ಸೌಕರ್ಯ ಇಂಗ್ಲಿಷಿಗಿದೆ. ಕಾನೂನು ಬರೆಯುವವರಿಗೆ ಅದು ಬಹಳ ಇಷ್ಟ.

ಪದ ತಿಳಿದ ಮಾತ್ರಕ್ಕೆ ಬಲ ಬರುವುದಿಲ್ಲ ಎಂಬ ಮಾತೂ ಇದೆ. ಮನೆಗೆಲಸದವರು, ಮನೆಯ ಡ್ರೈವರುಗಳು 2010ರ ಕಾನೂನಿನ ಹೊರಗಿದ್ದಾರೆ. ಅವರಿಗೆ 2015ರ 68ನೇ ಸಂಖ್ಯೆಯ ಬೇರೆ ಕಾನೂನಿದೆ. ‘ಡೊಮೆಸ್ಟಿಕ್’ ಎಂಬ ಒಂದು ವಿಶೇಷಣ ಅವರನ್ನು ಆಚೆಗೆ ಸರಿಸಿದೆ. ಕಂಪನಿಯ ಡ್ರೈವರಿಗೂ ಮನೆಯ ಡ್ರೈವರಿಗೂ ಸ್ಟೀರಿಂಗ್ ಒಂದೇ, ಕಾನೂನು ಎರಡು. ತಾನು ಯಾವ ಪದದಡಿ ಬಂದವನು ಎಂದು ತಿಳಿದಿದ್ದರೂ ಅದನ್ನು ಬದಲಿಸುವ ಶಕ್ತಿ ಅವನಿಗಿರಲಿಕ್ಕಿಲ್ಲ. ನಿಜ. ಆದರೆ ರುಜು ಹಾಕುವ ಪೆನ್ನು ಅವನ ಕೈಗೂ ಬರುತ್ತದೆ, ಮತ್ತು ಬಹುಮಟ್ಟಿಗೆ ಅದು ಊರಿಗೆ ಹೊರಡುವ ಅವಸರದ ಹೊತ್ತಿನಲ್ಲೇ ಬರುತ್ತದೆ. ಟಿಕೆಟ್ ಆಗಿದೆ, ಮನೆಗೆ ಫೋನ್ ಆಗಿದೆ, ಎದುರಿಗೆ ‘ಫೈನಲ್ ಸೆಟಲ್‌ಮೆಂಟ್’ ಕಾಗದ. ಅದರಲ್ಲಿ ಮೂರು ಕ್ರಿಯಾಪದ ಹುಡುಕಿದರೆ ಸಾಕು. ಕೆಲಸದ ಕೊನೆಯನ್ನು ಹೇಳುವಲ್ಲಿ ‘ರಿಸೈನ್ಡ್’ ಇದೆಯೋ ‘ಟರ್ಮಿನೇಟೆಡ್’ ಇದೆಯೋ, ಬಿಟ್ಟನೋ ಬಿಡಿಸಿದರೋ. ಇನ್ನು ಬೇರೆ ಬಾಕಿ ಕೇಳುವುದಿಲ್ಲ ಎಂಬ ಸಾಲಿನಲ್ಲಿ ‘ವೇವ್’ ಇದ್ದರೆ ಅದು ಕೈ ಬೀಸುವ ವೇವ್ ಅಲ್ಲ, ಹಕ್ಕನ್ನು ಬಿಟ್ಟುಕೊಡುವುದು. ಕಿವಿಗೆ ಎರಡೂ ಒಂದೇ, ಕಾಗದದ ಮೇಲೆ ನಡುವೆ ಒಂದು ಐ ಹೆಚ್ಚು. ಹಣದ ಸಾಲಿನಲ್ಲಿ ‘ಹ್ಯಾವ್ ರಿಸೀವ್ಡ್’ ಇದೆಯೋ ‘ಶಲ್ ರಿಸೀವ್’ ಇದೆಯೋ. ಮೊದಲನೆಯದಕ್ಕೆ ಕನ್ನಡದಲ್ಲಿ ‘ಸಂದಿದೆ’ ಎನ್ನುತ್ತೇವೆ, ಎರಡನೆಯದಕ್ಕೆ ‘ಸಲ್ಲಿಸುತ್ತಾರೆ’. ಕೈಯಲ್ಲಿ ದಿನಾರು ಇಲ್ಲದೆ ಮೊದಲನೆಯದರ ಕೆಳಗೆ ರುಜು ಹಾಕಿದವನು, ಬಾರದ ಹಣಕ್ಕೆ ರಸೀದಿ ಕೊಟ್ಟು ವಿಮಾನ ಹತ್ತಿರುತ್ತಾನೆ.